ಸಾಲು ಬಿಡದವಳು

ಮುರ್ಡೇಶ್ವರದ ನಮ್ಮ ಶಾಲೆಯಲ್ಲಿ ನಾನು ಕವಾಯತು ಕಲಿಸುತ್ತಿದ್ದಾಗ ದೋಣಿಯವರ ಮನೆಯ ಹುಡುಗಿಯೊಬ್ಬಳು ಯಾವಾಗಲೂ ಮೊದಲ ಸಾಲಿನಲ್ಲಿರುತ್ತಿದ್ದಳು. ಬಿಸಿಲಿಗೆ ಬವಳಿ ಬಂದು ಉಳಿದವರು ಕೂತರೂ ಇವಳ ಗದ್ದ ಇಳಿಯುತ್ತಿರಲಿಲ್ಲ. "ಸಾಕೇನೇ?" ಎಂದರೆ "ನಂಗೆ ಎಂತದೂ ಆಗುದಿಲ್ಲ ಮಾಸ್ತರೇ" ಎನ್ನುತ್ತಿದ್ದಳು.

ವೈದ್ಯಕೀಯ ಓದಲು ಅವಳು ಹೊರದೇಶಕ್ಕೆ ಹೋದ ವರ್ಷವೇ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದರು, ಗುಂಡು ಹಾರಿತು. ಅವಳು ಕ್ಷೇಮವಾಗಿ ಮರಳಿದಾಗ ಊರಿನವರು 'ವೀರಪುತ್ರಿ' ಎಂದು ಬ್ಯಾನರ್ ಕಟ್ಟಿ ಸನ್ಮಾನವಿಟ್ಟರು. ಅಭಿನಂದನೆಯ ಮಾತು ನನ್ನದು. ಶಿಸ್ತೇ ಅವಳನ್ನು ಉಳಿಸಿತು ಎಂದೆ.

ಶಾಲು ಹೊದಿಸಲು ಬಂದಾಗ ಅವಳು ಹಿಂದೆ ಸರಿದಳು.

"ಹಾಸ್ಟೆಲ್ ಗೇಟಿನ ಹತ್ರ ಒಬ್ಬ ಹುಡುಗ ಗುಂಡು ತಾಗಿ ಬಿದ್ದಿದ್ದ, ಮಾಸ್ತರೇ. ನಮ್ಮನ್ನ ಸಾಲಲ್ಲಿ ಹೊರಗೆ ಕರ್ಕಂಡು ಹೋಗ್ತಿದ್ದ ವಾರ್ಡನ್ ಸಾಲು ಬಿಡ್ಬೇಡಿ ಅಂದ್ರು, ನಾನು ಬಿಡ್ಲಿಲ್ಲ. ನನ್ನ ರೂಮಿನವಳು ನೀರು ಹಿಡ್ಕಂಡು ಓಡಿದ್ಲು. ಅವಳಿಗೂ ಗುಂಡು ಬಿತ್ತು, ಸತ್ತೋದ್ಲು. ನಂಗೆ ಎಂತದೂ ಆಗ್ಲಿಲ್ಲ. ನಮ್ಮ ಕವಾಯತಿನಲ್ಲಾದ್ರೆ ಅವಳನ್ನ ನೀವು ಹೊರಗೆ ಹಾಕ್ತಿದ್ರಿ."

"ಪಾಪ, ಹುಡುಗಿ ಇನ್ನೂ ಹೆದರಿಕೆಯಲ್ಲಿದ್ದಾಳೆ" ಎಂದು ಸಭೆಯ ಅಧ್ಯಕ್ಷರು ಮೈಕಿನಲ್ಲಿ ಹೇಳಿ, ಇಂಥವಳನ್ನು ತಯಾರು ಮಾಡಿದ ಗುರುವೆಂದು ಅದೇ ಶಾಲನ್ನು ನನಗೆ ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು, ಗದ್ದ ಎತ್ತಿ, ನಾನು ಕಲಿಸಿದಂತೆ, ತಾಳ ತಪ್ಪದೆ.