ಬೋಧಕರ ಪಾಲಿನ ಕ್ವಾರ್ಟರ್

ಹೊಸ ಸ್ಕೂಟರಿನ ಚಕ್ರದ ಕೆಳಗೆ ನಾನಿಟ್ಟ ನಿಂಬೆಹಣ್ಣು ಮೂರು ಸಲವೂ ಜಜ್ಜಿಸಿಕೊಳ್ಳದೆ ಪಕ್ಕಕ್ಕೆ ಉರುಳಿಹೋಯಿತು. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳಿಗೆ ಒಂದು ನಿಂಬೆಹಣ್ಣನ್ನು ಅಂಕೆಯಲ್ಲಿಡಲು ಬರಲಿಲ್ಲವಲ್ಲ ಎಂದು ನಾಚಿಕೊಳ್ಳುತ್ತಲೇ ಅದನ್ನು ಹುಡುಕಲು ಬಗ್ಗಿದೆ. ನೋಡಿ, ಹಾಗೆ ಬಗ್ಗದೇ ಇದ್ದಿದ್ದರೆ ಎಲ್ಲರೂ ಸುಖವಾಗಿರುತ್ತಿದ್ದೆವು.

ಅದು ಎರಡು ಸಾವಿರದ ಹದಿಮೂರರ ಆಯುಧಪೂಜೆ. ಗದಗದ ಕಡೆಯವಳಾದ ನಾನು ನಗರದಂಚಿನ ಬಾಗಲಗುಂಟೆಯಲ್ಲಿ ಬಾಡಿಗೆಗಿದ್ದೆ. ಮನೆಯ ಮಾಲೀಕರು ನರಸಿಂಹಯ್ಯನವರು, ಇಲ್ಲಿ ಸೈಟುಗಳ ಬದಲು ರಾಗಿ ಬೆಳೆಯುತ್ತಿದ್ದ ಕಾಲದಿಂದಲೂ ಇದೇ ಊರಿನವರು. ಮನೆಯ ಎದುರಿನ ಹೊಂಗೆಮರದ ಬುಡದಲ್ಲಿ ಎದೆಯೆತ್ತರದ ಒಂದು ಕಲ್ಲು. ಅದಕ್ಕೆ ಬೆಳ್ಳಿಯ ಕಣ್ಣು, ಹುರಿಮೀಸೆ, ಮೈತುಂಬ ಎಣ್ಣೆ ಕುಂಕುಮ, ಹೆಸರು ಮುನಿಯಪ್ಪ. ನಮ್ಮ ಬೀದಿಯ ಆಟೋ, ಲಾರಿ, ನೀರಿನ ಟ್ಯಾಂಕರುಗಳೆಲ್ಲ ಅವನ ಅಪ್ಪಣೆ ಪಡೆದೇ ರಸ್ತೆಗಿಳಿಯುತ್ತಿದ್ದವು. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ ಮಾತ್ರ, ಸೀಗೆಪುಡಿ ಹಾಕಿ ತಿಕ್ಕಿ ಅವನಿಗೆ ಸ್ನಾನ ಮಾಡಿಸುತ್ತಿದ್ದರು. ಆಗಷ್ಟೇ ಮಿಂದು ನಿಂತಿದ್ದ ಅವನ ಪಾದದ ಹತ್ತಿರ ನನ್ನ ನಿಂಬೆಹಣ್ಣು ಸಿಕ್ಕಿತು. ಅದರ ಮೇಲ್ಗಡೆ, ವರ್ಷವಿಡೀ ಎಣ್ಣೆ ಕುಂಕುಮದಡಿ ಮುಚ್ಚಿಹೋಗಿರುತ್ತಿದ್ದ, ಕಲ್ಲಿನಲ್ಲಿ ಬಳ್ಳಿಯಂತೆ ಸುತ್ತಿಸುತ್ತಿ ಕೊರೆದ ಹಳೇ ಶೈಲಿಯ ಇಂಗ್ಲಿಷ್ ಅಕ್ಷರಗಳೂ ಕಂಡವು.

"ಅದು ರಾಜರ ಕಾಲದ ಅಕ್ಷರ ಮೇಡಮ್ಮೋರೆ, ಯಾರ್ ಕೈಲೂ ಓದಕ್ಕಾಗಲ್ಲ" ಎಂದರು ನರಸಿಂಹಯ್ಯ, ಹೆಮ್ಮೆಯಿಂದ. ಎದುರಿಗೆ ಕಂಡ ಬರಹವನ್ನು ಓದದೆ ಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಔಷಧಿ ಬಾಟಲಿಯ ಹಿಂದಿನ ಇರುವೆ ಗಾತ್ರದ ಅಕ್ಷರಗಳನ್ನೂ ಬಿಡದವಳು ನಾನು. ಓದಿದೆ. ಅದು ದೇವರಲ್ಲ, ಸ್ಮಾರಕದ ಕಲ್ಲು. ಬ್ರಿಟಿಷರ ಕಾಲದಲ್ಲಿ ಬಹಳ ಹೆಸರುವಾಸಿಯಾಗಿದ್ದ ಮೆಥೊಡಿಸ್ಟ್ ಪಂಥದ ಕ್ರೈಸ್ತ ಬೋಧಕರೊಬ್ಬರು ಊರಿಂದೂರಿಗೆ ನಡೆದು, ಈ ಮರದಡಿ ಕೂತು ಉಪದೇಶ ಮಾಡಿ, ಸುತ್ತಿನ ಎಷ್ಟೋ ಜನರ ಕುಡಿತ ಬಿಡಿಸಿದರಂತೆ. ಹಾಗೆ ಬಿಟ್ಟವರೇ ಸೇರಿ ಇದನ್ನು ನಿಲ್ಲಿಸಿದ್ದಂತೆ. ಆ ಪುಣ್ಯಾತ್ಮರು ತುಮಕೂರು ರಸ್ತೆಯಲ್ಲಿ ಬಿಸಿಲಿಗೆ ಕೊಡೆ ಹಿಡಿದು ನಡೆದು ಬರುವುದನ್ನು ಕಲ್ಪಿಸಿಕೊಂಡೆ. ಇಂದೇನಾದರೂ ಬಂದಿದ್ದರೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸೊಳಗೆ ಸಿಕ್ಕಿಬಿದ್ದು ಕೂತ ನಮ್ಮನ್ನೆಲ್ಲ ಹಿಂದೆ ಹಾಕಿ ಮುಂಚೆಯೇ ಊರು ಸೇರುತ್ತಿದ್ದರು. ಆ ನಡಿಗೆಗೆ ಕೊನೆಗೆ ದಕ್ಕಿದ್ದು ಹುರಿಮೀಸೆ! ನನಗೆ ನಗು ತಡೆಯಲಾಗಲಿಲ್ಲ.

ನಗುನಗುತ್ತಲೇ ನರಸಿಂಹಯ್ಯನವರ ಹೆಂಡತಿ ಲಕ್ಷ್ಮಮ್ಮನಿಗೆ ಹೇಳಿದೆ. ಅವರು ನಗಲಿಲ್ಲ. ಮೂರು ವರ್ಷದ ಹಿಂದಿನವರೆಗೂ ಅವರ ಯಜಮಾನರು ಕುಡಿದು ಬಿದ್ದು ಮೋರಿಯ ಪಕ್ಕ ಸಿಗುತ್ತಿದ್ದ ಗಿರಾಕಿಯಂತೆ. ಕೊನೆಗೆ ಲಕ್ಷ್ಮಮ್ಮ ಅವರನ್ನು ಮುನಿಯಪ್ಪನ ಮುಂದೆ ನಿಲ್ಲಿಸಿ ಆಣೆ ಹಾಕಿಸಿದ್ದರು. ಆಣೆಯಲ್ಲಿ ಒಂದು ಒಪ್ಪಂದವೂ ಇತ್ತು: ಭಾನುವಾರ ಕ್ವಾರ್ಟರ್ ತರುವುದು ನರಸಿಂಹಯ್ಯ, ಕುಡಿಯುವುದು ಮುನಿಯಪ್ಪ. ಅಂದಿನಿಂದ ಪ್ರತಿ ಭಾನುವಾರ ಅವರು ಒಂದು ಹನಿಯನ್ನೂ ಉಳಿಸಿಕೊಳ್ಳದೆ ಪೂರಾ ಬಾಟಲಿಯನ್ನು ಕಲ್ಲಿನ ನೆತ್ತಿಗೆ ಸುರಿಯುತ್ತಿದ್ದರು. ಊರೂರು ತಿರುಗಿ ಕುಡಿತ ಬಿಡಿಸಿದ ಬೋಧಕರು ಮೂರು ವರ್ಷಗಳಿಂದ ವಾರ ತಪ್ಪದೆ ಬ್ರಾಂದಿ ಸೇವಿಸುತ್ತಿದ್ದರು, ಅದೂ ಪ್ರಾರ್ಥನೆಯ ದಿನವೇ.

"ಅವ್ರಿಗ್ ಮಾತ್ರ ಏಳ್ಬೇಡಿ ಮೇಡಮ್ಮೋರೆ, ನಿಮ್ ಕೈ ಮುಗೀತೀನಿ" ಎಂದರು ಲಕ್ಷ್ಮಮ್ಮ. "ಆ ಯಪ್ಪ ಕುಡಿಯೋನಲ್ಲ ಅಂತ ಗೊತ್ತಾದ್ರೆ, ಇವ್ರ ಪಾಲಿಂದು ಯಾರ್ ಕುಡೀತಾರೆ? ಇವ್ರೇ ಕುಡೀತಾರೆ."

ನಾನು ಮಾತು ಕೊಟ್ಟೆ. ಒಂದೂವರೆ ತಿಂಗಳು ಉಳಿಸಿಕೊಂಡೆ ಕೂಡ. ಅದು ನನ್ನ ಬಾಳಿನ ದಾಖಲೆ. ಆದರೆ ತಪ್ಪು ತಿದ್ದುವ ಚಟವೂ ಒಂದು ಚಟವೇ. ಅದಕ್ಕೆ ಆಣೆ ಹಾಕಿಸಿಕೊಳ್ಳುವ ದೇವರು ಇನ್ನೂ ಸಿಕ್ಕಿಲ್ಲ. ಒಂದು ಶನಿವಾರ ನೀರಿನ ಮೋಟಾರು ರಿಪೇರಿಗೆ ಬಂದ ನರಸಿಂಹಯ್ಯ ಮಾತಿನ ನಡುವೆ, "ನಮ್ ಮುನಿಯಪ್ಪನ್ ವಯಸ್ಸು ಸಾವಿರ ವರ್ಸ" ಎಂದುಬಿಟ್ಟರು. ಸಾವಿರ ವರ್ಷ! ನಾಲಿಗೆ ತಡೆಯಲಿಲ್ಲ. ಕಲ್ಲು, ಬೋಧಕರು, ಕುಡಿತ ಎಲ್ಲವನ್ನೂ ಪಾಠದಂತೆ ಒಪ್ಪಿಸಿದೆ. ಅವರು ಸ್ಪ್ಯಾನರನ್ನು ಕೆಳಗಿಟ್ಟು, "ಅಂಗಾ?" ಎಂದಷ್ಟೇ ಹೇಳಿ ಎದ್ದು ಹೋದರು. ಮೋಟಾರು ಬಿಚ್ಚಿದ್ದು ಬಿಚ್ಚಿದಂತೆಯೇ ಉಳಿಯಿತು.

ಮಾರನೆಯ ಬೆಳಿಗ್ಗೆ ಅವರು ಎಂದಿನ ಹೊತ್ತಿಗೆ, ಎಂದಿನ ಅಂಗಡಿಯ ದಿಕ್ಕಿಗೇ ಹೋದರು. ನಾನು ಲಕ್ಷ್ಮಮ್ಮನಿಗೆ ತಪ್ಪೊಪ್ಪಿಕೊಂಡೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ತಾರಸಿಗೆ ಹೋಗಿ, ಒಣಗಿದ ಬಟ್ಟೆಗಳನ್ನೇ ಮತ್ತೆ ಹರವುವ ನಾಟಕ ಮಾಡುತ್ತ ಕೆಳಗೆ ನೋಡುತ್ತ ನಿಂತೆವು. ನರಸಿಂಹಯ್ಯ ಟವೆಲ್ಲಿನೊಳಗೆ ಏನನ್ನೋ ಸುತ್ತಿಕೊಂಡು ಬಂದರು. ಮರದಡಿ ಕೂತು ಟವೆಲ್ಲು ಬಿಚ್ಚಿದರು.

ಒಳಗಿದ್ದದ್ದು ಸೀಗೆಪುಡಿಯ ಪೊಟ್ಟಣ. ಬಕೆಟ್ಟಿನಲ್ಲಿ ನೀರು ತಂದು, ಆಯುಧಪೂಜೆ ಅಲ್ಲದ ದಿನ, ಮೊದಲ ಬಾರಿಗೆ ಅವರು ಆ ಕಲ್ಲನ್ನು ನೆತ್ತಿಯಿಂದ ಪಾದದವರೆಗೆ ತಿಕ್ಕಿ ತೊಳೆದರು. ಮೂರು ವರ್ಷದ ವಾಸನೆ ಹೋಗುವಷ್ಟು ತೊಳೆದರು. ಹುರಿಮೀಸೆಯನ್ನೂ ಬೆಳ್ಳಿಯ ಕಣ್ಣನ್ನೂ ಒರೆಸಿ ಸರಿಮಾಡಿ, ಅದರ ಮುಖಕ್ಕೆ ಮುಖವಿಟ್ಟು ಮಾತಾಡಿದರು. ತಾರಸಿಯ ಮೇಲಿದ್ದ ನಮ್ಮಿಬ್ಬರಿಗೂ ಅದು ಸ್ಪಷ್ಟವಾಗಿ ಕೇಳಿಸಿತು.

"ಮೂರ್ ವರ್ಸ ನನ್ ದೆಸೆಯಿಂದ ನೀನು ವ್ರತ ಕೆಡಿಸ್ಕೊಂಡು ಕುಡ್ದೆ ಕಣಪ್ಪ. ಸಾಕು. ಇವತ್ತಿಂದ ನೀನೂ ಬಿಟ್ಬುಡು, ನಾನೂ ಮುಟ್ಟಲ್ಲ."