ಸಮುದ್ರದ ಜಗಲಿಗೆ ಅಳತೆಗೋಲು ಹಿಡಿದವರು

೧೯೫೬ರ ಮೇ ತಿಂಗಳ ಕೊನೆಯ ವಾರ, ಬೆಳಗಿನ ಆರೂವರೆ. ಬೊರಿವಲಿಯಿಂದ ಖಾಡಿಯ ಹಿನ್ನೀರು ದಾಟಿದರೆ ಸಿಗುವ ಗೋರಾಯಿ ದಂಡೆಯಲ್ಲಿ ದೂಜ ಪೂಜಾರಿಯವರು ಹದಿನಾಲ್ಕು ಅಡಿಯ ಅಳತೆಗೋಲನ್ನು ನೆಟ್ಟಗೆ ಹಿಡಿದು ನಿಂತಿದ್ದಾರೆ. ಗಾಳಿ ಕೋಲನ್ನು ಜಗ್ಗುತ್ತಿದೆ, ಇವರು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಮೊನ್ನೆ ಅಳೆದು ಮುಗಿಸಿದ ಒಂದೂವರೆ ಮೈಲಿಯನ್ನೇ ಇವತ್ತು ಮತ್ತೆ ಅಳೆಯುತ್ತಿದ್ದಾರೆ. ಹಾಗೆ ಹಟ ಹಿಡಿದವರೂ ಅವರೇ.

ಅಳೆಯುತ್ತಿರುವುದು ಸಮುದ್ರದ ಹಳೆಯ ಜಗಲಿಯನ್ನು. ಭರತದ ನೀರು ಈಗ ಮುಟ್ಟಲಾರದಷ್ಟು ಮೇಲೆ, ಚಿಪ್ಪು ಮರಳು ಬೆರೆತು ಕಲ್ಲಾದ ಚಪ್ಪಟೆ ಮೆಟ್ಟಿಲೊಂದು ದಂಡೆಯುದ್ದಕ್ಕೂ ಇದೆ. ಒಂದು ಕಾಲಕ್ಕೆ ಅಲೆ ಅಲ್ಲಿಯವರೆಗೂ ಬರುತ್ತಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಅದರ ಎತ್ತರ ತಿಳಿದರೆ ಸಮುದ್ರ ಎಷ್ಟು ಇಳಿದಿದೆ ಎಂಬುದು ತಿಳಿಯುತ್ತದೆ. ದುರ್ಬೀನಿನಲ್ಲಿ ಕೋಲಿನ ಅಂಕಿ ಓದಿ ಬರೆದುಕೊಳ್ಳುವವರು ಭೂವಿಜ್ಞಾನದ ಅಧ್ಯಾಪಕಿ, ಧಾರವಾಡದ ವಿನೋದಿನಿ ಬಾಯಿ. ಪ್ರಬಂಧದ ಮೇಲೆ ಅವರ ಹೆಸರು ಬರುತ್ತದೆ, ಕೋಲು ಹಿಡಿದವರದ್ದು ಬರುವುದಿಲ್ಲ.

ಉಡುಪಿ ಕಡೆಯ ದೂಜರು ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಹನ್ನೆರಡು ವರ್ಷ ತಟ್ಟೆ ಎತ್ತಿದವರು. ಈಗ ಬೈಕುಲ್ಲಾದ ಚಾಳಿನಲ್ಲಿ ಮೂರೂವರೆಗೇ ಎದ್ದು, ದಾದರಿನಲ್ಲಿ ಲೋಕಲ್ ರೈಲು ಬದಲಿಸಿ, ಆಮೇಲೆ ದೋಣಿ ಹತ್ತಿ ಬರುತ್ತಾರೆ. ದಿನಕ್ಕೆ ಅರವತ್ತು ಸಲ ಕೋಲು ನಿಲ್ಲಿಸುತ್ತಾರೆ. "ಹೋಟ್ಲಲ್ಲಿ ಓಡುದು ಕಷ್ಟ, ಇಲ್ಲಿ ನಿಲ್ಲುದು ಕಷ್ಟ ಮಾರಾಯ್ರೆ" ಎಂದು, ಪತ್ರಿಕೆಗೆ ಬರೆಯಲು ಜೊತೆಗೆ ಬಂದ ನನ್ನತ್ತ ನೋಡಿ ನಗುತ್ತಾರೆ.

ದುರ್ಬೀನನ್ನು ಮುಂದಕ್ಕೆ ಒಯ್ಯುವಾಗ ಕೋಲು ಇದ್ದಲ್ಲೇ ಇರಬೇಕು, ಕೂದಲೆಳೆಯಷ್ಟೂ ಜರುಗಬಾರದು; ಮುಂದಿನ ಎತ್ತರವೆಲ್ಲ ಆ ಜಾಗದಿಂದಲೇ ಲೆಕ್ಕ. ಮೊನ್ನೆ ಮೀನಿನ ಗಾಡಿಗೆ ದಾರಿ ಬಿಡಲು ಇವರು ಕೋಲೆತ್ತಿ, ಮತ್ತೆ ಅಂದಾಜಿನಲ್ಲಿ ಊರಿದರು. ಯಾರೂ ನೋಡಿರಲಿಲ್ಲ. ಸಂಜೆ ದೋಣಿ ಹತ್ತುವ ಮೊದಲು ತಾವಾಗಿಯೇ ಹೇಳಿದರು.

"ಬಾಯಿಯವ್ರೆ, ಅಳತೆ ಹಾಳಾಗಿದೆ. ನಾನು ನಡುವೆ ಕೋಲೆತ್ತಿದ್ದೆ."

"ಎಷ್ಟ್ ಫರಕ್ ಬಿದ್ದಿರ್ತದ, ದೂಜಣ್ಣ? ಮಳಿ ಹಿಡದ್ರ ದೋಣಿ ನಿಂತಾವು."

"ಎಷ್ಟೂಂತ ಗೊತ್ತಿಲ್ಲ, ಅದಕ್ಕೇ ಹೇಳುದು. ಸುರುವಿನಿಂದ ಅಳೆಯುವ. ಆಮೇಲೆ ನನ್ನನ್ನು ಬಿಟ್ಟು ಬೇರೆಯವರನ್ನು ಕರೆದ್ರೂ ಅಡ್ಡಿಯಿಲ್ಲ. ಇದೊಂದನ್ನು ನಾನೇ ಸರಿ ಮಾಡಿ ಕೊಡ್ತೇನೆ."

ಮಧ್ಯಾಹ್ನಕ್ಕೆ ಕೊನೆಯ ಅಂಕಿ ಸಿಗುತ್ತದೆ. ಮೊನ್ನೆ ಬಂದದ್ದಕ್ಕಿಂತ ಜಗಲಿ ನಾಲ್ಕು ಇಂಚು ತಗ್ಗು. ವಿನೋದಿನಿ ಬಾಯಿ ಹಳೆಯ ಪುಟಕ್ಕೆ ಅಡ್ಡಗೆರೆ ಎಳೆದು, "ಮಳಿಗಾಲ ಮುಗದ ಮ್ಯಾಲೂ ನೀವೇ ಬರಬೇಕು ನೋಡ್ರಿ" ಅನ್ನುತ್ತಾರೆ. ದೂಜರು ಕೋಲು ಮಡಚಿ ಹೆಗಲಿಗೇರಿಸಿ ನನ್ನ ಕಡೆ ತಿರುಗುತ್ತಾರೆ.

"ಸಮುದ್ರ ಎಷ್ಟು ಇಳಿದಿದೆಯೋ ಅಷ್ಟನ್ನು ಅವರು ಬರೆಯಲಿ. ಅದಕ್ಕೆ ನನ್ನ ನಾಲ್ಕು ಇಂಚು ಸೇರುದು ಬೇಡ."