ಹದಿನಾಲ್ಕು ಗಂಟೆ ಬೆಂದ ಬಿಲ್ಲೆ

ಕುಲುಮೆಯಣ್ಣನನ್ನು ಮೊದಲ ಸಲ ಕಂಡಾಗ ಮನಸ್ಸಿನಲ್ಲೇ ಬೆಲೆ ಕಟ್ಟಿದ್ದೆ: ಹಳೇ ಸ್ಟಾಕು, ತೂಕ ಕಮ್ಮಿ, ಹೊದಿಕೆ ಹಾಳು. ಹುಬ್ಬು ಅರ್ಧ ಸೀದುಹೋಗಿತ್ತು, ಷರ್ಟಿನ ಗುಂಡಿಗಳು ಒಂದೊಂದು ಬಣ್ಣದವು. ಅಂಗಡಿಯ ಮುಂದಿಡುವ ಮಾಲಲ್ಲ. ಆದರೆ ನಾನು ತಂದಿಳಿಸಿದ ಚೀಲದಿಂದ ಚಿಟಿಕೆ ಪುಡಿ ತೆಗೆದು ಎರಡು ಬೆರಳಿನ ನಡುವೆ ಉಜ್ಜಿ, ಇದು ಎಲ್ಲೋ ತೇವದಲ್ಲಿ ನಿಂತಿತ್ತಲ್ಲ ಅಂದ. ಹೌದು, ನನ್ನದೇ ಗೋದಾಮಿನಲ್ಲಿ ನಿಂತಿತ್ತು. ಅಂದಿನಿಂದ ಅವನ ಎದುರು ನಾನು ಎರಡು ಮಾತು ಕಮ್ಮಿಯೇ ಆಡುತ್ತಿದ್ದೆ.

ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ವಿದ್ಯುತ್ ಕುಲುಮೆ ಕಾಯುವುದು ಅವನ ಕೆಲಸ. ಹೊಸ ಬಗೆಯ ಬ್ಯಾಟರಿಯೊಳಗೆ ಇಡುವ, ನಾಣ್ಯದಷ್ಟಗಲದ ಪಿಂಗಾಣಿ ಬಿಲ್ಲೆ ಅಲ್ಲಿ ಬೇಯುತ್ತಿತ್ತು. ಅದನ್ನು ಹೊರದೇಶದಿಂದ ತರಿಸಿ ತರಿಸಿ ಸರ್ಕಾರಕ್ಕೆ ಸಾಕಾಗಿತ್ತು. ನಾವೇ ಮಾಡೋಣ ಎಂದು ಏಳು ಊರಿನ ಏಳು ಪ್ರಯೋಗಾಲಯಗಳನ್ನು ಒಂದು ಜಾಲಕ್ಕೆ ಕಟ್ಟಿದರು. ಒಂದೇ ಪುಡಿ, ಒಂದೇ ವಿಧಾನ. ಏಳೂ ಕಡೆ ಬಿಲ್ಲೆ ಒಡೆಯದೆ ಬಂದರೆ ಕಾರ್ಖಾನೆ. ಪುಡಿ ಒದಗಿಸುವವನು ನಾನು. ಬಿಲ್ಲೆ ಮೊದಲು ಒಡೆಯದೆ ಬಂದದ್ದು ಇವನ ಕುಲುಮೆಯಲ್ಲಿ.

ಕಾರ್ಖಾನೆ ಮಂಜೂರಾದರೆ ನಿನ್ನ ಕೆಲಸ ಖಾಯಂ ಎಂದು ಮುಖ್ಯಸ್ಥೆ ಮೇಡಂ ಮಾತು ಕೊಟ್ಟಿದ್ದರು. ಅವನು ಇಪ್ಪತ್ತೆರಡು ವರ್ಷದಿಂದ ತಾತ್ಕಾಲಿಕ. ಅವನ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ನನಗೆ ಒಮ್ಮೆ ಹೇಳಿದ್ದಳು: "ನಮ್ಮ ಮದುವೆ ಆಗಿ ಹತ್ತೊಂಬತ್ತು ವರ್ಷ ಅಣ್ಣಾ. ಆ ತಾತ್ಕಾಲಿಕವೇ ನನಗಿಂತ ಹಿರೀಸೊಸೆ."

ಜಾಲದ ಕಟ್ಟಳೆ ಬಿಗಿ. ಏಳು ಜನ ಸಹಿ ಹಾಕಿದ ವಿಧಾನದಲ್ಲಿ ಒಂದು ಅಂಕಿ ತಿದ್ದಬೇಕಾದರೂ ಮತ್ತೆ ಏಳು ಸಹಿ, ಅದಕ್ಕೆ ಮೂರು ತಿಂಗಳು. ಬೇಯಿಸುವ ಹೊತ್ತು ಹನ್ನೆರಡು ಗಂಟೆ ಎಂದು ಬರೆದಾಗಿತ್ತು.

ಆ ವರ್ಷ ನಾನು ಪುಡಿಯ ಗಿರಣಿ ಬದಲಿಸಿದೆ. ನಾಲ್ಕು ಕಾಸು ಉಳಿಯುತ್ತಿತ್ತು. ಚೀಲ ಅದೇ, ಲೇಬಲ್ ಅದೇ, ಶುದ್ಧತೆಯ ಸರ್ಟಿಫಿಕೇಟೂ ಅಷ್ಟೇ ಚೊಕ್ಕ. ಕಣ ಮಾತ್ರ ತುಸು ದಪ್ಪ, ಬೇಯಲು ಹೆಚ್ಚು ಹೊತ್ತು ಬೇಕು. ಕುಲುಮೆಯಣ್ಣ ಉಜ್ಜಿ ನೋಡಿದ. ಇನ್ನೊಮ್ಮೆ ಉಜ್ಜಿದ.

"ಸಾಹುಕಾರ್ರೇ, ಮಾಲು ಬದಲಾಗಿದೆಯಾ?"

"ಅದೇ ಮಾಲಪ್ಪಾ. ನಿನ್ನ ಬೆರಳಿಗೇ ವಯಸ್ಸಾಗಿರಬೇಕು."

ಅವನು ನಕ್ಕು ಕೈ ಒರೆಸಿಕೊಂಡ. ಆದರೆ ಕುಲುಮೆಯನ್ನು ಹನ್ನೆರಡಕ್ಕೆ ಆರಿಸಲಿಲ್ಲ, ಹದಿನಾಲ್ಕು ಗಂಟೆ ಉರಿಸಿದ. ಬಿಲ್ಲೆಯನ್ನು ಮೇಜಿಗೆ ತಟ್ಟಿದರೆ ಟಣ್ ಎಂದಿತು. ಹಾಳೆಯಲ್ಲಿ ಮಾತ್ರ ಹನ್ನೆರಡು ಎಂದೇ ಬರೆದ. ಕುಲುಮೆಯವರ ರೂಢಿಯೇ ಅದು: ಸಹಿಯಾದ ಅಂಕಿ ಹಾಳೆಗೆ, ಬೇಕಾದ ಅಂಕಿ ಬೆಂಕಿಗೆ. ಕೆಲಸ ಆಗುತ್ತಿರುವ ತನಕ ಯಾರೂ ಕೇಳುವುದಿಲ್ಲ.

ಉಳಿದ ಆರು ಕಡೆಯವರು ಅದೇ ಪುಡಿಯನ್ನು ಅವನ ಹಾಳೆ ನೋಡಿ ಹನ್ನೆರಡೇ ಗಂಟೆ ಬೇಯಿಸಿದರು. ಆರೂ ಕಡೆ ಬಿಲ್ಲೆ ಒಣಗಿದ ಎಲೆಯ ಹಾಗೆ ಕೈಯಲ್ಲೇ ಮುರಿಯಿತು. ವಿಚಾರಣೆಗೆ ಸಮಿತಿ ಬಂತು. ಪುಡಿಯವನೆಂದು ನನ್ನನ್ನೂ ಕರೆಸಿದರು. ಕುಲುಮೆಯ ಮೀಟರು ಎರಡು ಗಂಟೆ ಹೆಚ್ಚು ತೋರಿಸುತ್ತಿತ್ತು. ಸುಳ್ಳು ಯಾಕೆ ಬರೆದೆ ಎಂದು ಕುಲುಮೆಯಣ್ಣನನ್ನು ಕೇಳಿದರು. ಪುಡಿ ಬದಲಾಗಿತ್ತು, ಕಾಯುತ್ತ ಕೂತರೆ ಮೂರು ತಿಂಗಳು ಹೋಗುತ್ತಿತ್ತು ಎಂದ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸರ್ಟಿಫಿಕೇಟನ್ನು ಮೇಜಿನ ಮೇಲಿಟ್ಟೆ. ಶುದ್ಧತೆ ಅಂಕಿಗೆ ಅಂಕಿ ಸರಿಯಾಗಿತ್ತು. ಕಣದ ಗಾತ್ರಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ, ಕೇಳುವಷ್ಟು ಹೊತ್ತೂ ಯಾರಿಗೂ ಇರಲಿಲ್ಲ. ಕುಲುಮೆಯಣ್ಣ ಆ ಕಾಗದವನ್ನು ಕೊನೆಯ ಸಾಲಿನವರೆಗೂ ಓದಿದ.

"ಹಾಗಾದ್ರೆ ನನ್ನ ಬೆರಳೇ ತಪ್ಪಿರಬೇಕು ಸಾರ್."

ಅವನ ಕುಲುಮೆಯಿಂದ ಹಿಂದೆ ಬಂದ ಒಳ್ಳೆಯ ಬಿಲ್ಲೆಗಳನ್ನೂ ನಂಬುವಂತಿಲ್ಲ ಎಂದು ವರದಿಯಾಯಿತು. ಜಾಲ ಬಿಚ್ಚಿಹೋಯಿತು, ಕಾರ್ಖಾನೆ ಕಡತದಲ್ಲೇ ಮಲಗಿತು, ಬಿಲ್ಲೆ ಮತ್ತೆ ಹಡಗಿನಲ್ಲಿ ಬರತೊಡಗಿತು. ಮೇಡಂಗೆ ವರ್ಗವಾಯಿತು. ತಾತ್ಕಾಲಿಕದವನನ್ನು ತೆಗೆಯಲು ಕಾಗದವೂ ಬೇಕಿಲ್ಲ. ಒಂದು ಸೋಮವಾರ ಗೇಟಿನ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ, ಅಷ್ಟೆ.

ಹೋದ ತಿಂಗಳು ಅಂಗಿ ಹೊಲಿಸುವ ನೆಪದಲ್ಲಿ ಅವರ ಮನೆಗೆ ಹೋಗಿದ್ದೆ. ಹೆಂಡತಿ ಹೊಲಿದದ್ದಕ್ಕೆ ಅವನು ಇಸ್ತ್ರಿ ಹಾಕುತ್ತಾನೆ. ನನ್ನನ್ನು ಕಂಡು ಎದ್ದು ಕುರ್ಚಿ ಕೊಟ್ಟ, ಅದೇ ಮರ್ಯಾದೆ. ಅವನು ಒಳಗೆ ಹೋದಾಗ ಅವಳು ದನಿ ತಗ್ಗಿಸಿದಳು: "ಸಾವಿರ ಡಿಗ್ರಿ ಮೇಲಿನ ಬಿಸೀನ ಬಣ್ಣ ನೋಡೇ ಹೇಳ್ತಿದ್ದರು ಅಣ್ಣಾ. ಈಗ ಇಸ್ತ್ರಿಪೆಟ್ಟಿಗೆ ಕಾದಿದೆಯಾ ಅಂತ ನನ್ನನ್ನ ಕೇಳ್ತಾರೆ."

ಅಂಗಿಯ ಅಳತೆ ಕೊಟ್ಟು ಎದ್ದು ಬಂದೆ. ಹೇಳಲಿಲ್ಲ. ಹೇಳಿದರೆ ನನ್ನ ಪುಡಿಯನ್ನು ಇನ್ನು ಯಾವ ಪ್ರಯೋಗಾಲಯವೂ ಮುಟ್ಟುವುದಿಲ್ಲ.

ಪುಡಿ ಬದಲಾಗಿತ್ತು, ಬದಲಿಸಿದವನು ನಾನು, ಅವನ ಬೆರಳು ಹೇಳಿದ್ದೇ ಸರಿ. ಈ ಮೂರು ಮಾತನ್ನು ಅವನ ಮುಖ ನೋಡಿ ಹೇಳುವುದು ನನ್ನ ಮೇಲಿರುವ ಅವನ ಋಣ. ಇನ್ನೂ ತೀರಿಸಿಲ್ಲ.